ಎಡೆಗಿಟ್ಟ ಕ್ರೇನು

ಮಾರಿಕಣಿವೆಯ ನೀರಾವರಿ ಕ್ವಾರ್ಟರ್ಸಿನಲ್ಲಿ ಶಿವಯ್ಯನ ಮನೆ ಯಾವುದೆಂದು ಕೇಳಿದರೆ ಆ ವರ್ಷ ಯಾರೂ ಮನೆ ನಂಬರು ಹೇಳುತ್ತಿರಲಿಲ್ಲ. "ಮುರಿದಿರೋ ಕೊಡೆ ಕೇಳ್ಕಂಡ್ ಬರ್ತಾನಲ್ಲ, ಆ ಫಿಟ್ಟರ್ ಮನೇನಾ?" ಎಂದು ತಾವೇ ತಿರುಗಿ ಕೇಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಣೆಕಟ್ಟಿನ ತೂಬಿನ ಗೇಟುಗಳಿಗೆ ಗ್ರೀಸು ಹಚ್ಚಿ ನಟ್ಟು ಬಿಗಿಯುತ್ತಾ ಸರ್ವೀಸು ಸವೆಸಿದ ಶಿವಯ್ಯ ಒಬ್ಬರ ಮನೆಯಲ್ಲಿ ಒಂದು ಲೋಟ ಮಜ್ಜಿಗೆಯನ್ನೂ ಬಾಯಿಬಿಟ್ಟು ಕೇಳಿದವನಲ್ಲ. ಅಂಥವನು ಈಗ ಕಂಡವರ ಬಾಗಿಲಲ್ಲಿ ನಿಂತು ಕೊಡೆ ಕಡ್ಡಿ, ಸೈಕಲ್ ಸ್ಪೋಕು, ಕೆಟ್ಟ ಗಡಿಯಾರ ಕೇಳುತ್ತಿದ್ದ. ಕೊಟ್ಟರೆ ತಲೆಯಾಡಿಸಿ ಹೋಗುತ್ತಿದ್ದ, ಕೊಡದಿದ್ದರೂ ಅಷ್ಟೆ.

ಮಗ ಸತ್ತ ಮೇಲೆ ಅವನಿಗೆ ತಲೆ ಕೆಟ್ಟಿದೆ ಎಂದು ಕ್ವಾರ್ಟರ್ಸಿನವರು ತೀರ್ಮಾನಿಸಿಬಿಟ್ಟಿದ್ದರು. ಹಾಗೆ ತೀರ್ಮಾನಿಸಲು ಅವರಿಗೆ ಪುರುಸೊತ್ತು ಬೇಕಾದಷ್ಟಿತ್ತು. ನಿಜ ಹೇಳಬೇಕೆಂದರೆ ಅವನ ತಲೆ ನೆಟ್ಟಗೇ ಇತ್ತು. ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದ, ಸಾಹೇಬರಿಗೆ ನಮಸ್ಕಾರ ಹಾಕುತ್ತಿದ್ದ, ಮಗಳು ರಮ್ಯಾಳ ಕಾಲೇಜಿನ ಬಸ್ ಪಾಸು ಮುಗಿಯುವ ಮೊದಲೇ ಮಾಡಿಸಿಕೊಡುತ್ತಿದ್ದ. ಆದರೆ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿರಲಿಲ್ಲ, ಹಸಿವೂ ಆಗುತ್ತಿರಲಿಲ್ಲ. ಹೆಂಡತಿ ಮಲ್ಲಕ್ಕ ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ಎತ್ತಿಕೊಂಡರೆ ಏಳುತ್ತಿದ್ದ. ಒಂದು ಸಲ ಅವಳು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ರಮ್ಯಾ ಮೊದಲ ತುತ್ತಿಗೇ ಮುಖ ಕಿವುಚಿದಳು. ಶಿವಯ್ಯ ಅಷ್ಟರಲ್ಲಿ ಪೂರ್ತಿ ಉಂಡು ಕೈ ತೊಳೆಯಲು ಹೋಗಿದ್ದ.

ಮಗ ಅಂಜನ್ ಸತ್ತದ್ದು ಎರಡು ಸಾವಿರದ ಐದನೇ ಇಸವಿಯ ಆಷಾಢದಲ್ಲಿ. ಹೊಸದುರ್ಗದ ರಸ್ತೆಯ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುತ್ತಿದ್ದ ದೊಡ್ಡ ಕ್ರೇನು ಮಗುಚಿಬಿತ್ತು. ಅದನ್ನು ನಡೆಸುತ್ತಿದ್ದವನು ಅವನೇ. ಸುದ್ದಿ ಬಂದಾಗ ಶಿವಯ್ಯ ತೂಬಿನ ಹಲ್ಲುಚಕ್ರಕ್ಕೆ ಗ್ರೀಸು ಹಚ್ಚುತ್ತಿದ್ದ. ಕೇಳಿಸಿಕೊಂಡ. ಉಳಿದ ಹಲ್ಲುಗಳಿಗೂ ಹಚ್ಚಿ, ಡಬ್ಬಿಯ ಮುಚ್ಚಳ ಹಾಕಿ, ಕೈ ಒರೆಸಿಕೊಂಡು ಜೀಪು ಹತ್ತಿದ. ಹಿರಿಯೂರಿನ ಆಸ್ಪತ್ರೆಯಲ್ಲಿ ಹೆಣ ತೋರಿಸಿದಾಗ, ಕರೆತಂದ ಡ್ರೈವರನ ಕಡೆ ತಿರುಗಿ, "ಟೀ ಕುಡುದ್ಯೇನಪ್ಪ?" ಎಂದು ಕೇಳಿದ. ಆ ಮಾತನ್ನು ಡ್ರೈವರು ಆಮೇಲೆ ಎಷ್ಟೋ ಜನಕ್ಕೆ ಹೇಳಿಕೊಂಡು ಓಡಾಡಿದ.

ಕ್ರೇನು ಎಂದರೆ ರಸ್ತೆ ಬದಿ ಕೆಟ್ಟು ನಿಂತ ಲಾರಿ ಎಳೆಯುವ ಬಡಕಲು ಕ್ರೇನಲ್ಲ. ಅದು ಹಿರಿಯೂರಿನ ಮೇಲೆ ಹಾದುಹೋದಾಗ ತುಂಡು ತುಂಡಾಗಿ ಟ್ರೈಲರುಗಳ ಸಾಲಿನಲ್ಲಿ ಬಂದಿತ್ತು. ಸರ್ಕಲ್ಲಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದವರೆಲ್ಲ ಪೊಟ್ಟಣ ಹಿಡಿದುಕೊಂಡೇ ಎದ್ದು ನಿಂತು ನೋಡಿದ್ದರು. ಅದಕ್ಕೆ ಚಕ್ರವಿಲ್ಲ, ಯುದ್ಧದ ಟ್ಯಾಂಕಿಗಿರುವಂಥ ಚೈನಿನ ಪಾದ. ಪಾದದ ಮೇಲೆ ಕ್ಯಾಬಿನ್ನು, ಹಿಂದೆ ತೂಕಕ್ಕೆ ಜೋಡಿಸಿದ ಕಬ್ಬಿಣದ ಗಟ್ಟಿಗಳು, ಮುಂದೆ ಬೂಮು. ಬೂಮೆಂದರೆ ಅದರ ತೋಳು, ಕೊಳವೆಗಳನ್ನು ಜಾಲರಿಯಂತೆ ಹೆಣೆದು ಬೆಸೆದದ್ದು. ಅದನ್ನು ನೆಲದ ಮೇಲೆ ಉದ್ದಕ್ಕೆ ಮಲಗಿಸಿ ಜೋಡಿಸಬೇಕು, ಆಮೇಲೆ ನಿಧಾನಕ್ಕೆ ಎಬ್ಬಿಸಬೇಕು. ಎದ್ದು ನಿಂತರೆ ನೋಡುವವರ ಟೋಪಿ ಹಿಂದಕ್ಕೆ ಬೀಳುತ್ತಿತ್ತು. ದುರ್ಗದ ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದ ಅಂಜನ್ ಮೊದಲು ಗ್ರೀಸು ಹಚ್ಚುವ ಹೆಲ್ಪರಾಗಿ ಅದರ ಹಿಂದೆ ಊರೂರು ತಿರುಗಿ, ಉಸ್ತಾದನ ಬೈಗುಳ ತಿಂದು, ಕೊನೆಗೆ ಅದರ ಕುರ್ಚಿಯಲ್ಲೇ ಕೂತಿದ್ದ. ಹೊಳಲ್ಕೆರೆ ಕಡೆಯ ಗುಡ್ಡಗಳನ್ನು ಮುಗಿಸಿಕೊಂಡು ಕ್ರೇನು ಹೊಸದುರ್ಗದ ರಸ್ತೆಗೆ ಬಂದಾಗ ಮನೆಯಲ್ಲಿ ಹಬ್ಬ. ಮಗ ಮನೆಯಿಂದಲೇ ಓಡಾಡಬಹುದಲ್ಲ ಎಂದು ಮಲ್ಲಕ್ಕ ಹಿಗ್ಗಿದ್ದೇ ಹಿಗ್ಗಿದ್ದು.

ಒಂದು ಸಲ ಅವಳು ತಾನೇ ಊಟ ಹೊತ್ತುಕೊಂಡು ಗುಡ್ಡಕ್ಕೆ ಹೋಗಿದ್ದಳು. ಬಸ್ಸಿನಲ್ಲಿ ಒಂದಷ್ಟು, ಕಂಪನಿಯ ಜೀಪಿನಲ್ಲಿ ಒಂದಷ್ಟು ದೂರ. ಕ್ಯಾರಿಯರಿನಲ್ಲಿ ಬಿಸಿ ಮುದ್ದೆ, ಅಲಸಂದೆ ಕಾಳಿನ ಸಾರು. ಅಂಜನ್ ಕ್ಯಾಬಿನ್ನಿನ ಗಾಜಿನಾಚೆಯಿಂದ ಕೈ ಬೀಸಿದ, ಅಷ್ಟೆ. ಇಳಿಯಲಿಲ್ಲ. ಕಮರದ ಮರದ ಕೆಳಗೆ ಕೂತು ಕೂತು ಅವಳ ನೆರಳು ಉದ್ದವಾಯಿತು, ಮುದ್ದೆ ಕಲ್ಲಾಯಿತು. ಎತ್ತಿದ್ದನ್ನು ಅದರ ಜಾಗಕ್ಕೆ ಕೂರಿಸಿ, ಬೂಮು ನೆಲಕ್ಕೆ ಮಲಗಿಸಿದ ಮೇಲೆಯೇ ಅವನು ಏಣಿ ಇಳಿದು ಬಂದ.

"ಒಂದ್ ತುತ್ತು ಉಂಡು ಹೋಗಾಕೆ ಏನ್ ಧಾಡಿ ನಿಂಗೆ?" ಎಂದು ಮಲ್ಲಕ್ಕ ಬೈದಳು.

"ಅವ್ವಾ, ಬೂಮು ಮ್ಯಾಲಿರಾಗಂಟ ಕುರ್ಚಿ ಬಿಡಂಗಿಲ್ಲ. ನಮ್ ಉಸ್ತಾದ ಹೇಳಿಕೊಟ್ಟಿರಾದು. ಗಾಳಿ ಗುಡ್ಡ ಇದು. ಅದು ನಿಂತಿದ್ರೆ ನಾವು ಕುಂತಿರಬೇಕು, ಅದು ಮಲಗಿದ್ರೆ ನಾವು ಇಳೀಬೇಕು." ತಣ್ಣಗಾದ ಮುದ್ದೆಯನ್ನು ಮುರಿಯುತ್ತಾ ಅವನು ನಕ್ಕಿದ್ದ. "ಉಣ್ಣಾಕೆ ಇಳುದ್ರೆ ಉಸ್ತಾದ ಬೆನ್ನಿಗೆ ಬಿಡ್ತಿದ್ದ."

ಮಲ್ಲಕ್ಕ ಮನೆಗೆ ಬಂದು ಅದನ್ನು ಶಿವಯ್ಯನಿಗೆ ವರದಿ ಒಪ್ಪಿಸಿದ್ದಳು. ಹೆತ್ತ ತಾಯಿಗಿಂತ ಅದ್ಯಾವನೋ ಉಸ್ತಾದನ ಮಾತು ಹೆಚ್ಚಾಯಿತಾ ಎಂದು ಮೂತಿ ಉಬ್ಬಿಸಿದ್ದಳು. ಆದರೆ ಒಳಗೊಳಗೆ ಅವಳಿಗೆ ಹೆಮ್ಮೆ. ನೆರೆಮನೆಯ ಹೆಂಗಸರಿಗೆಲ್ಲ ಉಸ್ತಾದನ ಮಾತನ್ನು ತನ್ನದೇ ಮಾತಿನಂತೆ ಹೇಳಿಕೊಂಡು ತಿರುಗಿದ್ದಳು.

ಆಷಾಢದ ಆ ದಿನ ಬೆಳಗಿನಿಂದ ಗಾಳಿ ಜೋರಿತ್ತು. ಎತ್ತುತ್ತಿದ್ದ ಭಾರವನ್ನು ಕೆಳಗಿಟ್ಟರು. ಬೂಮನ್ನೂ ಮಲಗಿಸಬೇಕಿತ್ತು, ಆದರೆ ಅದು ಮಲಗುವ ಜಾಗದಲ್ಲಿ ಕಂಪನಿಯವರು ಮುಂದಿನ ಯಂತ್ರದ ರೆಕ್ಕೆಗಳನ್ನು ತಂದು ಸಾಲಾಗಿ ಇಳಿಸಿಬಿಟ್ಟಿದ್ದರು. ಗಾಳಿ ಇಳಿಯಲಿ, ಅಲ್ಲಿಯತನಕ ಹಾಗೇ ಹಿಡಿದಿರು ಎಂದರಂತೆ. ಹೇಳಿದವರು ನೆಲದ ಮೇಲಿದ್ದರು, ಅವರಿಗೇನು. ಅಂಜನ್ ಬೂಮನ್ನು ಗಾಳಿಗೆ ಮುಖ ಮಾಡಿ ಹಿಡಿದು ಕೂತ. ಅವನ ಊಟದ ಕ್ಯಾರಿಯರು ಕಮರದ ಕೊಂಬೆಯಲ್ಲಿ ನೇತಾಡುತ್ತಿತ್ತು. ಎಲ್ಲರೂ ಉಂಡು ಕೈ ತೊಳೆಯುವ ಹೊತ್ತಿಗೆ ಒಂದು ಪಾದದ ಕೆಳಗೆ ಹೊಸದಾಗಿ ತುಂಬಿದ್ದ ಮಣ್ಣು ಜಾರಿತು. ಕ್ರೇನು ಕಣಿವೆಯ ಕಡೆಗೆ ಉರುಳಿತು.

ಮೂರು ದಿನದ ಮೇಲೆ ಅವನ ಜೊತೆಗಾರ ಎರ್ರಿಸ್ವಾಮಿ ಮನೆಗೆ ಬಂದ. ಭಾರಕ್ಕೆ ಹಗ್ಗ ಕಟ್ಟಿ, ಕೈಸನ್ನೆ ಮಾಡಿ, ಎತ್ತು ಇಳಿಸು ಎಂದು ಹೇಳುವ ಕೆಲಸ ಅವನದು. ಮೊಳಕಾಲ್ಮೂರಿನ ಕಡೆಯವನು, ಅಳುತ್ತಲೇ ಒಳಗೆ ಬಂದು ಅಳುತ್ತಲೇ ಎರಡು ಸಾಮಾನು ಇಟ್ಟ. ಒಂದು, ಆ ದಿನದ ಕ್ಯಾರಿಯರು. ಬುದ್ಧಿಗೇಡಿ ಅದನ್ನು ತೊಳೆಯದೆ ತಂದಿದ್ದ. ಮಲ್ಲಕ್ಕ ಮುಚ್ಚಳ ತೆಗೆದಳು. ತಾನು ಇಟ್ಟುಕಳಿಸಿದ ಮುದ್ದೆ ಇಟ್ಟ ಹಾಗೇ ಇತ್ತು, ಬೂಸ್ಟು ಹಿಡಿದಿತ್ತು.

"ಹಸ್ಕಂಡ್ ಹೋದ," ಎಂದಳು ಅವಳು. ಅಲ್ಲಿಂದಾಚೆ ಅವಳ ಸಂಕಟವೆಲ್ಲ ಆ ಒಂದು ಮಾತಿಗೆ ಬಂದು ನಿಂತಿತು. ಕ್ರೇನು ಯಾಕೆ ಬಿತ್ತು, ಯಾರ ತಪ್ಪು ಎಂಬುದನ್ನೆಲ್ಲ ಅವಳು ಕೇಳಲಿಲ್ಲ. ಮಗ ಹಸಿದು ಹೋದ. ಒಲೆಯ ಮುಂದೆ ಕೂತಾಗಲೆಲ್ಲ ಅದನ್ನೇ ಹೇಳಿಕೊಂಡು ಅಳುತ್ತಿದ್ದಳು. ಶಿವಯ್ಯ ಕೇಳಿಸಿಕೊಂಡು ಎದ್ದು ಹೋಗುತ್ತಿದ್ದ.

ಎರ್ರಿಸ್ವಾಮಿ ತಂದ ಇನ್ನೊಂದು ಸಾಮಾನು ಲುಂಗಿಯಲ್ಲಿ ಸುತ್ತಿತ್ತು. ಬಿಚ್ಚಿದರೆ ಪುಟ್ಟದೊಂದು ಕ್ರೇನು. ಅರ್ಧ ಕ್ರೇನು. ಗಾಳಿ ಹೆಚ್ಚಾಗಿ ಕೆಲಸ ನಿಂತ ದಿನಗಳಲ್ಲಿ ಬೇರೆಯವರು ಇಸ್ಪೀಟು ಆಡಿದರೆ ಅಂಜನ್ ಕೂತು ಇದನ್ನು ಮಾಡುತ್ತಿದ್ದನಂತೆ. ದೊಡ್ಡದರ ಐವತ್ತು ಅಡಿ ಇದರಲ್ಲಿ ಒಂದು ಅಡಿ, ಆ ಲೆಕ್ಕ ತಪ್ಪದ ಹಾಗೆ. ಕೈಗಡಿಯಾರದ ಚೈನಿನ ತುಂಡುಗಳನ್ನು ಜೋಡಿಸಿದ ಪಾದ, ಎಣ್ಣೆ ಡಬ್ಬಿಯ ತಗಡಿನ ಕ್ಯಾಬಿನ್ನು, ಗಾಜಿನ ಬದಲು ಎಕ್ಸ್‌ರೇ ಹಾಳೆ, ಒಳಗೆ ಬೆಂಕಿಪೊಟ್ಟಣದಷ್ಟೂ ಇಲ್ಲದ ಒಂದು ಕುರ್ಚಿ. ಬೂಮು ಮಾತ್ರ ಇರಲಿಲ್ಲ.

"ಬೂಮಿಗೆ ಕೊಡೆ ಕಡ್ಡಿ ಹುಡುಕ್ತಿದ್ದ ಮಾವ," ಎಂದ ಎರ್ರಿಸ್ವಾಮಿ.

ಆವತ್ತು ಸಂಜೆಯೇ ಶಿವಯ್ಯ ಮನೆಯ ಹಳೇ ಕೊಡೆಯನ್ನು ಬಿಚ್ಚಿದ. ಯಾಕೆ ಎಂದು ಯಾರಾದರೂ ಕೇಳಿದ್ದರೆ ಅವನಲ್ಲಿ ಉತ್ತರವಿರಲಿಲ್ಲ. ಕೈಗೆ ಕೆಲಸ ಗೊತ್ತಿತ್ತು, ಮಾಡಿತು. ನಾಲ್ಕು ಮೂಲೆಗೆ ನಾಲ್ಕು ಉದ್ದ ಕಡ್ಡಿ, ನಡುವೆ ಓರೆ ಓರೆಯಾಗಿ ಸ್ಪೋಕಿನ ತುಂಡು, ಸಂದಿಗೆಲ್ಲ ಸೀಸದ ಬೆಸುಗೆ. ಒಂದು ಗೇಣು ಮುಗಿಸಲು ವಾರಗಟ್ಟಲೆ ಹಿಡಿಯುತ್ತಿತ್ತು. ಹಗ್ಗಕ್ಕೆ ಹಿನ್ನೀರಿನ ಮೀನುಗಾರರ ಹತ್ತಿರ ಬಲೆ ಹೆಣೆಯುವ ನೈಲಾನ್ ದಾರ ತಂದ. ಹಗ್ಗ ಸುತ್ತುವ ಉರುಳೆಗೆ ಪುಟ್ಟ ಹಿಡಿಕೆ ಮಾಡಿದ. ಉರುಳೆ ತಾನಾಗಿ ಹಿಂದಕ್ಕೆ ತಿರುಗದಂತೆ ಗಡಿಯಾರದ ಹಲ್ಲುಚಕ್ರಕ್ಕೊಂದು ನಾಲಿಗೆ ಕೂರಿಸಿದ. ಅಣೆಕಟ್ಟಿನ ಗೇಟಿಗೂ ಅದೇ ಉಪಾಯ ಇತ್ತು. ಎದುರು ಗುಡ್ಡದ ಮೇಲೆ ಅಷ್ಟರಲ್ಲಿ ಬೇರೆ ಕ್ರೇನು ಬಂದು, ಅಂಜನ್ ನಿಲ್ಲಿಸಬೇಕಿದ್ದ ಯಂತ್ರವನ್ನು ನಿಲ್ಲಿಸಿ ಹೋಯಿತು. ಅದು ಕ್ವಾರ್ಟರ್ಸಿನ ಜಗಲಿಗೇ ಕಾಣುತ್ತಿತ್ತು. ಶಿವಯ್ಯ ಬೆಳಗ್ಗೆ ಹಲ್ಲುಜ್ಜುತ್ತಾ ಅದರ ರೆಕ್ಕೆ ತಿರುಗುವುದನ್ನು ನೋಡುತ್ತಿದ್ದ, ಬಾಯಿ ಮುಕ್ಕಳಿಸಿ ಒಳಗೆ ಹೋಗುತ್ತಿದ್ದ.

ಮಲ್ಲಕ್ಕ ಆ ಆಟಿಕೆಯನ್ನು ಮುಟ್ಟುತ್ತಿರಲಿಲ್ಲ. ಕಸ ಗುಡಿಸುವಾಗ ಅದರ ಸುತ್ತ ಒಂದು ಮೊಳ ಬಿಟ್ಟು ಗುಡಿಸುತ್ತಿದ್ದಳು.

"ನನ್ ಮಗನ್ನ ತಿಂದ ಮಾರಿ ಅದು. ಅದುನ್ನ ಮನ್ಯಾಗೆ ಸಾಕ್ತಾ ಇದೀರಲ್ಲ, ನಿಮಗ್ ಏನೂ ಅನ್ಸಲ್ವಾ?" ಎಂದು ಒಂದು ದಿನ ಕೇಳಿಯೇ ಬಿಟ್ಟಳು.

"ಇಲ್ಲ," ಎಂದ ಶಿವಯ್ಯ. ಅವನು ಸುಳ್ಳು ಹೇಳಲಿಲ್ಲ.

ಬೂಮು ಮುಗಿದಾಗ ಐದೂವರೆ ಅಡಿ ಬಂತು. ಬುಡವನ್ನು ಕ್ಯಾಬಿನ್ನಿಗೆ ಜೋಡಿಸಿ, ನಡುಮನೆಯಲ್ಲಿಟ್ಟು, ಹಿಡಿಕೆ ತಿರುಗಿಸಿ ಎಬ್ಬಿಸಿದ. ಅರ್ಧ ಎದ್ದಿತ್ತು, ಇಡೀ ಕ್ರೇನು ಮುಂದಕ್ಕೆ ಮುಗ್ಗರಿಸಿ ನೆಲಕ್ಕೆ ಬಡಿಯಿತು. ಅಡುಗೆಮನೆಯಲ್ಲಿ ಮಲ್ಲಕ್ಕನ ಕೈಯಿಂದ ಪಾತ್ರೆ ಬಿತ್ತು. ಅವಳು ಓಡಿ ಬಂದು ಬಾಗಿಲಲ್ಲಿ ನಿಂತಳು, ಬಾಯಿಗೆ ಸೆರಗು ಒತ್ತಿಕೊಂಡು. ರಮ್ಯಾ ಪುಸ್ತಕ ಬಿಟ್ಟು ಎದ್ದಳು. ಶಿವಯ್ಯ ಬಾಗಿ ಡೊಂಕಾದ ಕಡ್ಡಿಗಳನ್ನು ಎಣಿಸುವವನಂತೆ ಒಂದೊಂದೇ ಮುಟ್ಟಿ ನೋಡಿದ. ಮಗ ಹೀಗೆಯೇ ಬಿದ್ದಿರಬೇಕು ಎಂಬ ಯೋಚನೆ ಬಂತು, ಹೋಯಿತು. ಎದೆಯಲ್ಲಿ ಏನೂ ಆಗಲಿಲ್ಲ.

"ಹಿಂದ್ಗಡೆ ತೂಕ ಸಾಲ್ದು," ಎಂದು ಹೇಳಿ ಚಪ್ಪಲಿ ಮೆಟ್ಟಿ ಹೊರಟ. ಬಲೆ ಮುಳುಗಿಸಲು ಕಟ್ಟುವ ಸೀಸದ ಗುಂಡುಗಳನ್ನು ಮೀನುಗಾರರಿಂದ ತಂದು, ಕರಗಿಸಿ ಗಟ್ಟಿ ಹೊಯ್ದು ಕ್ರೇನಿನ ಹಿಂಭಾಗಕ್ಕೆ ಕೂರಿಸಿದ. ಡೊಂಕಾದದ್ದನ್ನು ನೆಟ್ಟಗೆ ಮಾಡಿದ. ಈ ಸಲ ರಮ್ಯಾ ಬೂಮಿನ ತುದಿಗೆ ಕೈ ಕೊಟ್ಟುಕೊಂಡೇ ಎಬ್ಬಿಸಿದಳು. ಎದ್ದ ಬೂಮು ನಿಂತಿತು. ನಿಂತದ್ದನ್ನು ಮತ್ತೆ ಮಲಗಿಸಿ ನೋಡುವ ಗೋಜಿಗೆ ಅವನು ಹೋಗಲಿಲ್ಲ. ಮೂಲೆಯಲ್ಲಿ ಅದು ಮನೆಗೆ ಬಂದ ನೆಂಟನ ಹಾಗೆ ನಿಂತೇ ಇತ್ತು.

ವರ್ಷ ತುಂಬಿ ಭಾದ್ರಪದ ಬಂತು. ಮಹಾಲಯ ಅಮಾವಾಸ್ಯೆಗೆ ಇನ್ನೂ ಎರಡು ದಿನ ಇರುವಾಗಲೇ ಶಿವಯ್ಯನ ಅಕ್ಕ ಬರಗೇರಮ್ಮ ಹೊಳಲ್ಕೆರೆಯಿಂದ ಕೈಚೀಲ ಹಿಡಿದು ಬಂದಿಳಿದಳು. ಬಾಯಿ ಜೋರಿನ ಹೆಂಗಸು. ಅವಳು ಹೊಸಿಲು ದಾಟಿದಳೆಂದರೆ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿರಬೇಕು ಎಂಬುದೂ ಅವಳದೇ ತೀರ್ಮಾನ. ಸತ್ತವರನ್ನು ವರ್ಷ ತುಂಬಿದ ಮೇಲೆ ಹಿರಿಯರ ಜೊತೆಗೆ ಸೇರಿಸಿ ಎಡೆ ಇಡಬೇಕು. ಇಪ್ಪತ್ತಾರು ವರ್ಷದ ಹುಡುಗನನ್ನು ಹಿರಿಯ ಎಂದು ಕರೆಯುವ ಆ ಕೆಲಸವನ್ನು ನಡೆಸಿಕೊಡಲು ಅವಳೇ ಬರಬೇಕಿತ್ತು.

"ಅವ್ನಿಗೆ ಇಷ್ಟ ಇದ್ದಿದ್ದೆಲ್ಲ ಇಡಬೇಕು," ಎಂದು ಗೋಡೆಗೊರಗಿ ಎಲೆಅಡಿಕೆ ಹಾಕಿಕೊಳ್ಳುತ್ತಾ ಶುರುಮಾಡಿದಳು. "ಪಂಚೆ, ಅಂಗಿ, ಉಣ್ಣಾ ಪದಾರ್ಥ ಎಲ್ಲಾ. ಇನ್ನೇನ್ ಇಷ್ಟ ಇತ್ತಲೇ ಅವ್ನಿಗೆ?"

"ಕ್ರೇನು," ಎಂದಳು ರಮ್ಯಾ.

ಮಲ್ಲಕ್ಕ ರಾಗಿ ಜರಡಿ ಹಿಡಿಯುವುದನ್ನು ನಿಲ್ಲಿಸಿದಳು. "ಅದುನ್ನ ಎಡೆಗೆ ಇಡಾಕಿಲ್ಲ. ಅದೇ ಕೊಂದಿದ್ದು ಅವ್ನುನ್ನ."

"ನನ್ ಗಂಡನ್ನ ಕೊಂದಿದ್ದು ಯಾವುದೇ ಮಲ್ಲಕ್ಕ?" ಬರಗೇರಮ್ಮ ಕೈಬೆರಳ ಸುಣ್ಣವನ್ನು ಕಂಬಕ್ಕೆ ಒರೆಸಿದಳು. "ಕುಡ್ತ. ಕುಡುದು ಕುಡುದೇ ಸತ್ತ. ಆದ್ರೂ ವರ್ಸಾ ವರ್ಸಾ ಅವನ ಎಡೆಗೆ ಒಂದು ಕ್ವಾರ್ಟರ್ ಬಾಟ್ಲಿ, ಒಂದು ಬೀಡಿ ಕಟ್ಟು ಇಡ್ತೀನಿ. ಬೈಕಂಡೇ ಇಡ್ತೀನಿ. ಇಡದೆ ಇದ್ರೆ ಆ ಮನುಸ ನಮ್ಮನೆ ಕಡೆ ತಲೆ ಹಾಕ್ತಾನಾ?"

"ಅದು ಇದ್ರೆ ಬರ್ತಾನಾ ಅತ್ಗೆ? ಬಂದು ಉಣ್ತಾನಾ?" ಎಂದು ಮಲ್ಲಕ್ಕ ಕೇಳಿದಳು.

"ಬರದೆ ಏನು."

"ಉಂಡ ಅಂತ ನಂಗೆ ಹೆಂಗೆ ಗೊತ್ತಾಗ್ತೈತೆ?"

ಬರಗೇರಮ್ಮ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. "ಹೆತ್ತೋಳಿಗೆ ಗೊತ್ತಾಗ್ತೈತೆ," ಎಂದಳು. "ಹಸ್ಕಂಡ್ ಹೋದೋನು ಉಂಡು ಹೋದ್ರೆ, ನಿನ್ ಹೊಟ್ಟೆ ಉರಿ ತಣ್ಣಗಾಗ್ತೈತೆ."

"ಹಂಗಾದ್ರೆ ಇಡ್ರಿ," ಎಂದಳು ಮಲ್ಲಕ್ಕ ಗಂಡನ ಕಡೆ ತಿರುಗಿ.

ಅಮಾವಾಸ್ಯೆಯ ದಿನ ಒಳಕೋಣೆಯನ್ನು ಸಾರಿಸಿ, ಗೋಡೆಗೆ ಹೊಸ ಪಂಚೆ, ಅಂಗಿ, ಸೀರೆ ಇಳಿಬಿಟ್ಟು, ಕಲಶ ಕೂರಿಸಿದರು. ಬಾಳೆಎಲೆ ಸಾಲಾಗಿ ಬಿದ್ದವು. ಶಿವಯ್ಯನ ಅಪ್ಪನಿಗೊಂದು, ಅವ್ವನಿಗೊಂದು, ಕೊನೆಗೆ ಅಂಜನ್‌ನದು. ಮಲ್ಲಕ್ಕ ಬೆಳಗಿನಿಂದ ಬೆಂಕಿಯ ಮುಂದೆ ಕೂತಿದ್ದಳು. ಹೋಳಿಗೆ, ಕೋಳಿ ಸಾರು, ವಡೆ ಎಲ್ಲ ಮಾಡಿದ್ದರೂ ಅವಳ ಜೀವವೆಲ್ಲ ಮುದ್ದೆ ಮತ್ತು ಅಲಸಂದೆ ಸಾರಿನ ಮೇಲಿತ್ತು. ಅದನ್ನು ಕೊನೆಗೆ, ಆವಿ ಹೋಗುತ್ತಿರುವಾಗಲೇ ತಂದು ಮಗನ ಎಲೆಗೆ ಬಡಿಸಿದಳು. ಶಿವಯ್ಯ ಕ್ರೇನನ್ನು ತಬ್ಬಿ ಎತ್ತಿ ತಂದು ಆ ಎಲೆಯ ಪಕ್ಕ ಇಟ್ಟ. ಬೂಮಿನ ತುದಿ ಆಳೆತ್ತರಕ್ಕೆ ನಿಂತಿತು. ಅಂಜನ್‌ನ ಫೋಟೋ ಅದರ ನೆರಳಲ್ಲಿ ಕೂತಿತು.

ಧೂಪ ಹಾಕಿ, ಕಾಯಿ ಒಡೆದು, ಎಲ್ಲರೂ ಅಡ್ಡಬಿದ್ದರು. ಆಮೇಲೆ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಯಾರೂ ಇಣುಕಬಾರದು, ಬಾಗಿಲು ಮುಟ್ಟಬಾರದು. ಬರಗೇರಮ್ಮ ಸಾಕೆಂದಾಗ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು, ಆಮೇಲೆಯೇ ಮನೆಯವರ ಊಟ. ಎರ್ರಿಸ್ವಾಮಿಯೂ ಬಂದಿದ್ದ. ನಡುಮನೆಯಲ್ಲಿ ಎಲ್ಲರೂ ಗೋಡೆಗೆ ಆತುಕೊಂಡು ಕೂತರು.

ಶಿವಯ್ಯ ತನ್ನ ಕೈಬೆರಳುಗಳಲ್ಲಿದ್ದ ಬೆಸುಗೆಯ ಸುಟ್ಟ ಕಲೆಗಳನ್ನು ನೋಡುತ್ತಾ ಕೂತಿದ್ದ. ಕೆಲಸ ಮುಗಿದಿತ್ತು. ನಾಳೆಯಿಂದ ಸಂಜೆ ಏನು ಮಾಡುವುದು ಎಂದಷ್ಟೇ ಹೊಳೆಯಿತು. ಮಗ ಒಳಗೆ ಬಂದಿದ್ದಾನೆ, ಉಣ್ಣುತ್ತಿದ್ದಾನೆ ಎಂದು ಅಂದುಕೊಳ್ಳಲು ನೋಡಿದ. ಆಗಲಿಲ್ಲ. ಕಲ್ಲಿನ ಮೇಲೆ ನೀರು ಹುಯ್ದ ಹಾಗೆ ಆ ಯೋಚನೆ ಜಾರಿಹೋಯಿತು.

ಮಲ್ಲಕ್ಕ ಕಣ್ಣು ಮುಚ್ಚಿ ಕೂತಿದ್ದಳು. ತನ್ನ ಹೊಟ್ಟೆಯ ಉರಿ ತಣ್ಣಗಾಗುವುದನ್ನು ಕಾಯುತ್ತಿದ್ದಳು, ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಕಾದಳು. ಹುಬ್ಬು ಗಂಟಿಕ್ಕಿತು. ತಟ್ಟನೆ ಕಣ್ಣು ಬಿಟ್ಟಳು.

"ರೀ," ಎಂದಳು. "ಬೂಮು ಮ್ಯಾಲೈತೆ."

ಶಿವಯ್ಯನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಅವಳು ಎದ್ದು ಬಾಗಿಲಿನ ಹತ್ತಿರ ಹೋಗಿದ್ದಳು.

"ಏ ಮಲ್ಲಕ್ಕ! ಬಾಗ್ಲು ಮುಟ್ಟಬ್ಯಾಡ!" ಬರಗೇರಮ್ಮ ಕೂತಲ್ಲಿಂದಲೇ ಕೂಗಿದಳು. "ಉಣ್ಣಾ ಹೊತ್ನಾಗೆ ಬಾಗ್ಲು ತೆಗುದ್ರೆ ಹಿರೇರು ಅರ್ಧಕ್ಕೇ ಏಳ್ತಾರೆ!"

"ಅವ್ನು ಕುಂತೇ ಇಲ್ಲ ಅತ್ಗೆ ಏಳಾಕೆ!" ಮಲ್ಲಕ್ಕ ಬಾಗಿಲಿಗೆ ಕೈ ಹಚ್ಚಿದಳು. "ಬೂಮು ನಿಂತೈತೆ. ನಿಂತಿದ್ರೆ ಅವ್ನು ಕುರ್ಚಿ ಬಿಡಂಗಿಲ್ಲ. ಒಳಗೆ ಕುಂತ್ಕಂಡು ಕೈ ಬೀಸ್ತಿರ್ತಾನೆ, ಇಳಿಯಾಕಿಲ್ಲ. ಮುದ್ದೆ ಆರ್ತೈತೆ. ಈ ಸತಿನೂ ಹಸ್ಕಂಡೇ ಹೋಗ್ತಾನೆ ನನ್ ಮಗ!"

ಎರ್ರಿಸ್ವಾಮಿ ಮುಖ ಗೋಡೆಗೆ ತಿರುಗಿಸಿಕೊಂಡ. "ಅಮ್ಮ ಹೇಳಾದು ಸರಿ ಮಾವ," ಎಂದ. "ಅವ್ನು ಇಳಿಯಲ್ಲ."

ಮಲ್ಲಕ್ಕ ಬಾಗಿಲು ತಳ್ಳಿದಳು. ಶಿವಯ್ಯ ಅವಳ ಹಿಂದೆ ಹೋದ. ಬೂಮು ಮಲಗಬೇಕೆಂದರೆ ಅದರ ಮುಂದೆ ಐದೂವರೆ ಅಡಿ ನೆಲ ಖಾಲಿ ಇರಬೇಕು. ಅಲ್ಲಿ ಎಲೆಗಳ ಸಾಲಿತ್ತು. ಗುಡ್ಡದ ಮೇಲೆ ಅಡ್ಡ ಮಲಗಿಸಿದ್ದ ಆ ಬಿಳಿ ರೆಕ್ಕೆಗಳು ಶಿವಯ್ಯನ ಕಣ್ಣಿಗೆ ಕಟ್ಟಿದವು. ಮಲ್ಲಕ್ಕ ಹಿಂದೆಮುಂದೆ ನೋಡದೆ ಮಾವನ ಎಲೆಯ ಅಂಚು ಹಿಡಿದು ಎಳೆಯಲು ಶುರುಮಾಡಿದಳು. ಬಡಿಸಿದ ಎಡೆಯನ್ನು ಕದಲಿಸುವುದೆಂದರೆ ಸಣ್ಣ ಮಾತಲ್ಲ. ಬರಗೇರಮ್ಮ ಬಾಗಿಲಲ್ಲಿ ಬಂದು ನಿಂತಳು, ತನ್ನ ಅಪ್ಪನ ಎಲೆಯನ್ನು ತಮ್ಮನ ಹೆಂಡತಿ ಎಳೆಯುತ್ತಿರುವುದನ್ನು ನೋಡಿದಳು. ಎಲ್ಲರೂ ಬೈಗುಳ ಕಾದರು. ಅವಳು ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು, ಮೊಣಕಾಲೂರಿ ಎಲೆಯ ಇನ್ನೊಂದು ಅಂಚು ಹಿಡಿದಳು.

"ಅಪ್ಪಾ, ಸ್ವಲ್ಪ ಸರ್ಕಳಪ್ಪ," ಎಂದಳು ಎಲೆಗೆ. "ಅವ್ವಾ, ನೀನೂ ಅಷ್ಟೇ. ಮೊಮ್ಮಗ ಇಳೀಬೇಕು."

ನೆಲ ಖಾಲಿಯಾಯಿತು. ಶಿವಯ್ಯ ಕ್ರೇನಿನ ಹಿಂದೆ ಮೊಣಕಾಲೂರಿ ಕೂತು, ಹಲ್ಲುಚಕ್ರದ ನಾಲಿಗೆಯನ್ನು ಉಗುರಿನಿಂದ ಎತ್ತಿ ಹಿಡಿದು, ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದ. ಬೂಮು ಅಲುಗಿತು, ಮೆಲ್ಲಗೆ ಬಾಗತೊಡಗಿತು. ಮಲಗಿಸಿ ನೋಡಿರಲೇ ಇಲ್ಲವಲ್ಲ ಎಂಬುದು ಆಗ ನೆನಪಾಯಿತು. ಬೂಮು ಅರ್ಧಕ್ಕೆ ಬಂದಾಗ ಪಾದದ ಹಿಂಭಾಗ ನೆಲ ಬಿಟ್ಟು ಏಳಲು ನೋಡಿತು. ಸೀಸದ ಗಟ್ಟಿಗಳ ತೂಕ ಇಳಿಯುವ ಬೂಮಿಗೆ ಸಾಲದಾಗಿತ್ತು. ಅವನ ಒಂದು ಕೈ ನಾಲಿಗೆಯ ಮೇಲೆ, ಇನ್ನೊಂದು ಹಿಡಿಕೆಯ ಮೇಲೆ. ಯಾವುದು ಬಿಟ್ಟರೂ ಕ್ರೇನು ಮುಗ್ಗರಿಸುತ್ತಿತ್ತು.

"ಮಲ್ಲಿ, ಹಿಡ್ಕ," ಎಂದ. "ಏಳ್ತೈತೆ. ಹಿಡ್ಕ ಅದುನ್ನ."

ವರ್ಷವೆಲ್ಲ ಮೊಳ ದೂರವಿಟ್ಟಿದ್ದ ಆ ವಸ್ತುವಿನ ಮೇಲೆ ಮಲ್ಲಕ್ಕ ಅಂಗೈ ಇಟ್ಟಳು. ತಗಡಿನ ಕ್ಯಾಬಿನ್ನು ಅವಳ ಅಂಗೈ ಕೆಳಗೆ ಪೂರ್ತಿ ಮುಚ್ಚಿಹೋಯಿತು. ಜ್ವರ ಬಂದ ಮಗುವಿನ ನೆತ್ತಿ ಒತ್ತಿ ಹಿಡಿಯುವಂತೆ ಒತ್ತಿದಳು. ಪಾದ ಮತ್ತೆ ನೆಲಕ್ಕೆ ಕೂತಿತು.

"ಹಿಡ್ದೀನಿ," ಎಂದಳು. "ಬಿಡ್ರಿ ನೀವು. ಬಿದ್ದೋಗಕೆ ಬಿಡಲ್ಲ ನಾನು."

ಶಿವಯ್ಯ ತಿರುಗಿಸಿದ. ಬಾಗಿಲಲ್ಲಿ ಎರ್ರಿಸ್ವಾಮಿ ತನಗೇ ಗೊತ್ತಿಲ್ಲದೆ ಬಲಗೈ ಚಾಚಿ, ಹೆಬ್ಬೆರಳು ಕೆಳಗೆ ಮಾಡಿ, ಇಳಿಸು ಇಳಿಸು ಎಂದು ಸನ್ನೆ ಮಾಡುತ್ತಿದ್ದ. ಅವನ ಕೆನ್ನೆ ತೊಯ್ದಿತ್ತು. ಬೂಮು ಗೇಣು ಗೇಣಾಗಿ ಇಳಿದು, ಸಾರಿಸಿದ ನೆಲವನ್ನು ಮುಟ್ಟಿ, ಉದ್ದಕ್ಕೆ ಮಲಗಿತು. ದಾರ ಸಡಿಲವಾಯಿತು. ತುದಿಯ ಪುಟ್ಟ ಕೊಕ್ಕೆ ಅಜ್ಜಿಯ ಎಲೆಯ ಪಕ್ಕ ಬಂದು ಬಿತ್ತು.

ಮಲ್ಲಕ್ಕ ಅಂಗೈ ಎತ್ತಿದಳು. ಕ್ಯಾಬಿನ್ನಿನ ಪುಟ್ಟ ಬಾಗಿಲನ್ನು ಉಗುರಿನಿಂದ ತೆರೆದಳು.

"ಮಲಗೈತೆ ಮಗ," ಎಂದಳು. "ಇನ್ನ ಇಳ್ದು ಬಾ. ಉಣ್ಣು."

ಹೊರಗೆ ಬಂದು ಮತ್ತೆ ಬಾಗಿಲು ಎಳೆದುಕೊಂಡರು. ಬರಗೇರಮ್ಮ ಮೂಗೊರೆಸಿಕೊಂಡು, ಹೊತ್ತು ಮೊದಲಿನಿಂದ ಲೆಕ್ಕ ಎಂದು ಸಾರಿ ತನ್ನ ಜಾಗದಲ್ಲಿ ಕೂತಳು. ಮಲ್ಲಕ್ಕ ಗಂಡನ ಪಕ್ಕ ಕೂತಳು.

ಶಿವಯ್ಯನ ಹೊಟ್ಟೆಯೊಳಗೆ ಏನೋ ಹಿಂಡಿದಂತಾಯಿತು. ಏನಿದು ಎಂದು ಅವನಿಗೆ ಒಮ್ಮೆಲೇ ಗೊತ್ತಾಗಲಿಲ್ಲ. ಬಾಗಿದ್ದಕ್ಕೆ ನೋವಿರಬೇಕು ಎಂದುಕೊಂಡ. ಬಾಗಿಲ ಸಂದಿಯಿಂದ ಅಲಸಂದೆ ಸಾರಿನ ವಾಸನೆ ಬರುತ್ತಿತ್ತು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ, ಬಿಸಿ ಮುದ್ದೆಯ ವಾಸನೆ. ಬಾಯಲ್ಲಿ ನೀರೂರಿತು. ಆಮೇಲೆ ಕಣ್ಣಲ್ಲಿ. ಒಂದು ವರ್ಷದಿಂದ ಎಲ್ಲಿ ಹೋಗಿತ್ತೋ ಆ ಸಂಕಟ, ಹಸಿವಿನ ಹಿಂದೆಯೇ ಎದ್ದು ಬಂತು. ನನ್ನ ಮಗ ಸತ್ತುಹೋದ ಎಂದು ಅವನಿಗೆ ಆಗ ಅನ್ನಿಸಿತು.

"ಮಲ್ಲಿ," ಎಂದ, ಅಳುತ್ತಾ. "ನಂಗೆ ಹಸಿವಾಗ್ತೈತೆ ಕಣೆ."

ಮಲ್ಲಕ್ಕ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ತಡೀರಿ," ಎಂದಳು. "ಅವ್ನು ಉಣ್ತಾವ್ನೆ."